ಸ್ಟೀರಾಯ್ಡ್‌ಗೆ ಹೆದರಿ ಎಂಟು ತಿಂಗಳು ಮಗಳಿಗೆ ಸ್ಟೀರಾಯ್ಡನ್ನೇ ಹಚ್ಚಿದೆ

ಮನೆಯಲ್ಲಿ ಇಸಬಿನ ಮಗು ಇರುವವರು ಇದನ್ನು ಪೂರ್ತಿ ಓದಿ. ‘ಗಿಡಮೂಲಿಕೆ ಮುಲಾಮು, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ, ಮೂರೇ ದಿನದಲ್ಲಿ ಗುಣ’ ಅಂತ ಯಾರಾದರೂ ಡಬ್ಬಿ ಕೈಗಿಟ್ಟಿದ್ದರೆ ಇನ್ನೂ ನಿಧಾನವಾಗಿ ಓದಿ. ಅಂಥ ಡಬ್ಬಿ ಈಗಾಗಲೇ ಬಳಸುತ್ತಿದ್ದರೆ ಇಲ್ಲೇ ಒಂದು ಮಾತು: ಓದಿದ ಗಾಬರಿಗೆ ಇವತ್ತೇ ತಟ್ಟನೆ ನಿಲ್ಲಿಸಬೇಡಿ. ಅದೂ ಅಪಾಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನನ್ನ ಮಗಳಿಗೆ ಹುಟ್ಟಿದ ವರ್ಷದಿಂದಲೇ ಇಸಬು, ಡಾಕ್ಟರ್ ಭಾಷೆಯಲ್ಲಿ ಎಕ್ಸಿಮಾ. ಮೊದಲು ಕೆನ್ನೆ, ಆಮೇಲೆ ಮೊಣಕೈ ಮಡಿಕೆ, ಮಂಡಿಯ ಹಿಂಭಾಗ. ಇಂಥ ಮನೆಯ ರಾತ್ರಿ ಹೇಗಿರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಕತ್ತಲಲ್ಲಿ ಕರಕರ ಅಂತ ಉಗುರಿನ ಸದ್ದು. ಎದ್ದು ಕೈ ಹಿಡಿದುಕೊಂಡರೆ ಕಾಲಿನಿಂದ ಕಾಲು ಉಜ್ಜುತ್ತಾಳೆ. ಬೆಳಿಗ್ಗೆ ಹಾಸಿಗೆ ಬಟ್ಟೆಯ ಮೇಲೆ ಪೆನ್ನಿನ ಮೊನೆ ಒತ್ತಿದ ಹಾಗೆ ಚಿಕ್ಕ ಚಿಕ್ಕ ರಕ್ತದ ಚುಕ್ಕೆ. ಅವಳಿಗೂ ನಿದ್ದೆ ಇಲ್ಲ, ನಮಗೂ ಇಲ್ಲ. ನಿದ್ದೆಗೆಟ್ಟ ತಲೆ ಯಾವ ಮಾತನ್ನಾದರೂ ನಂಬುತ್ತದೆ.

ಚರ್ಮದ ಡಾಕ್ಟರ್ ಒಂದು ಮುಲಾಮು ಬರೆದುಕೊಟ್ಟಿದ್ದರು. ಟ್ಯೂಬಿನ ಜೊತೆಗಿದ್ದ ಕಾಗದದಲ್ಲಿ ‘ಸ್ಟೀರಾಯ್ಡ್’ ಅನ್ನುವ ಪದ ಕಂಡಿದ್ದೇ ತಡ, ನನ್ನ ಕೈ ಹಿಂದೆ ಬಂತು. ಚರ್ಮ ತೆಳುವಾಗುತ್ತಂತೆ, ಮಕ್ಕಳ ಬೆಳವಣಿಗೆ ನಿಲ್ಲುತ್ತಂತೆ, ಒಮ್ಮೆ ಶುರು ಮಾಡಿದರೆ ಬಿಡೋಕಾಗಲ್ಲವಂತೆ. ಹಾಗಾಗಿ ನಾನು ಬುದ್ಧಿವಂತಿಕೆ ತೋರಿಸಿದೆ. ಕಡ್ಡಿ ತುದಿಯಷ್ಟು ತೆಗೆದು ಇಡೀ ಕಾಲಿಗೆ ಸವರುತ್ತಿದ್ದೆ. ಎರಡು ದಿನಕ್ಕೆ ಕೆಂಪು ಸ್ವಲ್ಪ ಇಳಿದರೆ ಸಾಕು, ಟ್ಯೂಬು ಒಳಗೆ. ವಾರದೊಳಗೆ ಇಸಬು ವಾಪಸ್. ‘ಇಂಗ್ಲಿಷ್ ಔಷಧಿ ಇಷ್ಟೇ, ಮೇಲೆ ಮೇಲೆ ಅಮುಕುತ್ತೆ’ ಅಂತ ನಾನೇ ತೀರ್ಪು ಕೊಟ್ಟೆ. ಹಚ್ಚಬೇಕಾದಷ್ಟು ನಾನು ಹಚ್ಚಿಯೇ ಇರಲಿಲ್ಲ ಅನ್ನುವುದು ಆಗ ತಲೆಗೆ ಹೊಳೆಯಲಿಲ್ಲ.

ಆ ಹೊತ್ತಿಗೆ ಪರಿಚಯದವರೊಬ್ಬರು ಒಂದು ಡಬ್ಬಿ ಕೊಟ್ಟರು. ಅವರ ಮಗನಿಗೂ ಇದೇ ತೊಂದರೆ, ಇದರಿಂದಲೇ ವಾಸಿಯಾಯಿತಂತೆ. ಬಿಳಿ ಪ್ಲಾಸ್ಟಿಕ್ ಡಬ್ಬಿ, ತಿರುಪಿನ ಮುಚ್ಚಳ, ಮೇಲೊಂದು ಬಳ್ಳಿಯ ಚಿತ್ರ. ‘ನೂರಕ್ಕೆ ನೂರು ಗಿಡಮೂಲಿಕೆ, ಸ್ಟೀರಾಯ್ಡ್ ಇಲ್ಲ’ ಅಂತ ದಪ್ಪ ಅಕ್ಷರ. ಒಳಗೇನಿದೆ ಅನ್ನುವ ಪಟ್ಟಿ ಇಲ್ಲ. ಬ್ಯಾಚ್ ನಂಬರ್ ಇಲ್ಲ, ತಯಾರಿಸಿದ ದಿನ ಇಲ್ಲ, ವಿಳಾಸವೂ ಇಲ್ಲ. ತಿಳಿ ಹಸಿರು ಬಣ್ಣ, ಕರ್ಪೂರದ ವಾಸನೆ. ಔಷಧಿ ಅಂದರೆ ಹೀಗಿರಬೇಕು ಅನ್ನಿಸುವಂಥ ವಾಸನೆ.

ಮೂರನೇ ರಾತ್ರಿ ನನಗೆ ಎಚ್ಚರವಾಯಿತು. ಸದ್ದು ಕೇಳಿ ಅಲ್ಲ, ಸದ್ದು ಇಲ್ಲದ್ದಕ್ಕೆ. ಮಗಳು ಗಾಢ ನಿದ್ದೆಯಲ್ಲಿದ್ದಳು. ವಾರದಲ್ಲಿ ಮೊಣಕೈ ಮಡಿಕೆ ನುಣ್ಣಗಾಯಿತು. ನಾನು ಅತ್ತೇಬಿಟ್ಟೆ. ಆಮೇಲೆ ಇನ್ನಿಬ್ಬರಿಗೆ ಈ ಮುಲಾಮಿನ ವಿಷಯ ನಾನೇ ಹೇಳಿದೆ. ಅದು ಈಗಲೂ ಚುಚ್ಚುತ್ತದೆ.

ಎರಡು ದಿನ ಹಚ್ಚುವುದು ತಪ್ಪಿದರೆ ಮೊದಲಿಗಿಂತ ಜೋರಾಗಿ ಉಕ್ಕುತ್ತಿತ್ತು. ಮುಲಾಮು ಮಾಡಿಕೊಡುವವರಿಗೆ ಫೋನ್ ಮಾಡಿದರೆ ಉತ್ತರ ಸಿದ್ಧ: ‘ಒಳಗಿನ ವಿಷ ಹೊರಗೆ ಬರ್ತಾ ಇದೆ, ಹೆದರಬೇಡಿ, ಇನ್ನೂ ಜಾಸ್ತಿ ಹಚ್ಚಿ.’ ಈ ಮಾತಿನ ಚಂದ ನೋಡಿ. ಕಡಿಮೆಯಾದರೆ ಮುಲಾಮು ಗೆದ್ದಿತು, ಜಾಸ್ತಿಯಾದರೂ ಮುಲಾಮೇ ಗೆದ್ದಿತು. ಸೋಲುವುದಕ್ಕೆ ದಾರಿಯೇ ಇಲ್ಲದ ಔಷಧಿ.

ನಾಲ್ಕೈದು ತಿಂಗಳಲ್ಲಿ ಅವಳ ಕೆನ್ನೆ ಉಬ್ಬಿಕೊಂಡಿತು. ನೋಡಿದವರೆಲ್ಲ ‘ಮಗು ಈಗ ಮೈಕೈ ತುಂಬಿಕೊಂಡಿದೆ’ ಅಂದರು. ನಾನೂ ಹಿಗ್ಗಿದೆ. ತೊಡೆಯ ಒಳಭಾಗದಲ್ಲಿ ನೇರಳೆ ಗೀರುಗಳು ಬಂದವು. ಬೆಳೆಯುವ ಮಗು, ಚರ್ಮ ಎಳೆಯುತ್ತದೆ ಅಂದುಕೊಂಡೆ. ಮಂಡಿಯ ಹಿಂದೆ ಚರ್ಮ ಗಾಳಿಪಟದ ಕಾಗದದ ಹಾಗೆ ಆಗಿ, ಕೆಳಗಿನ ನೀಲಿ ನರ ಎಣಿಸಬಹುದಿತ್ತು. ಆದರೆ ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಬಾಗಿಲ ಚೌಕಟ್ಟು. ಅವಳ ಎತ್ತರವನ್ನು ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದೆವು. ಆರನೇ ಹುಟ್ಟುಹಬ್ಬಕ್ಕೆ ಹಾಕಿದ ಗೀಟಿನ ಮೇಲೆಯೇ, ಏಳು ತಿಂಗಳ ನಂತರದ ಗೀಟು ಬಂದು ಕೂತಿತು. ಪೆನ್ಸಿಲ್ಲಿನ ದಪ್ಪದಷ್ಟೂ ವ್ಯತ್ಯಾಸ ಇರಲಿಲ್ಲ.

ಆಸ್ಪತ್ರೆಗೆ ಹೋದಾಗ ಡಾಕ್ಟರ್ ಮೊದಲು ಕೇಳಿದ್ದು, ‘ಏನು ಹಚ್ತಾ ಇದ್ದೀರಿ?’ ನಾನು ಹೆಮ್ಮೆಯಿಂದಲೇ ಹೇಳಿದೆ, ‘ಸ್ಟೀರಾಯ್ಡ್ ಬಿಟ್ಟು ತುಂಬಾ ದಿನ ಆಯ್ತು ಮೇಡಂ. ಬರೀ ಗಿಡಮೂಲಿಕೆ.’ ಅವರು ನಗಲಿಲ್ಲ, ಬೈಯಲೂ ಇಲ್ಲ. ‘ಆ ಡಬ್ಬಿ ತಂದಿದ್ದೀರಾ?’ ಅಂದರು, ಅಷ್ಟೇ.

ಬೆಳಗಿನ ಹೊತ್ತು ರಕ್ತ ತೆಗೆದು ಕಾರ್ಟಿಸಾಲ್ ಪರೀಕ್ಷೆ ಮಾಡಿದರು. ಇರಬೇಕಾದ್ದಕ್ಕಿಂತ ತೀರಾ ಕಡಿಮೆ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ನಮ್ಮ ಮೈಗೆ ಬೇಕಾದ ಸ್ಟೀರಾಯ್ಡನ್ನು ತಾನೇ ತಯಾರಿಸುತ್ತದೆ, ಅದೇ ಈ ಕಾರ್ಟಿಸಾಲ್. ಹೊರಗಿನಿಂದ ಚರ್ಮದ ಮೂಲಕ ಧಾರಾಳವಾಗಿ ಬರುತ್ತಿದ್ದರೆ ಅದು ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆ. ಮಕ್ಕಳಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಜಾಸ್ತಿ, ಹಾಗಾಗಿ ಒಳಗೆ ಸೇರುವುದೂ ಜಾಸ್ತಿ. ಮಲಗಿದ ಗ್ರಂಥಿ ಏಳುವುದಕ್ಕೆ ತಿಂಗಳುಗಳೇ ಬೇಕಾಗಬಹುದು. ಆ ನಡುವೆ ಜೋರು ಜ್ವರ, ವಾಂತಿ, ಆಪರೇಷನ್ ಅಂತ ಏನಾದರೂ ಬಂದರೆ ಮೈ ತಡೆದುಕೊಳ್ಳುವುದಿಲ್ಲ, ಜೀವಕ್ಕೇ ಸಂಚಕಾರ. ತಟ್ಟನೆ ನಿಲ್ಲಿಸಬೇಡಿ ಅಂದಿದ್ದು ಇದಕ್ಕೇ.

ಮುಲಾಮನ್ನು ಲ್ಯಾಬ್‌ಗೆ ಕಳಿಸಿದರು. ಅದರಲ್ಲಿ ಸಿಕ್ಕಿದ್ದು ಕ್ಲೋಬೆಟಸಾಲ್ ಪ್ರೊಪಿಯೊನೇಟ್. ಹಚ್ಚುವ ಸ್ಟೀರಾಯ್ಡ್‌ಗಳನ್ನು ಬಲದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಅತಿ ಪ್ರಬಲ ಅನ್ನುವ ಗುಂಪಿನಲ್ಲಿ ಬರುವಂಥದ್ದು. ದೊಡ್ಡವರಿಗೇ ಸಾಮಾನ್ಯವಾಗಿ ಎರಡು ವಾರ ಮೀರಬಾರದು, ವಾರಕ್ಕೆ 50 ಗ್ರಾಂ ದಾಟಬಾರದು ಅಂತ ಅದರ ಲೇಬಲ್ಲಿನಲ್ಲಿ ಎಚ್ಚರಿಕೆ ಇರುತ್ತದೆ. ಡಾಕ್ಟರ್ ನನಗೆ ಮೊದಲು ಬರೆದುಕೊಟ್ಟಿದ್ದು ಹೈಡ್ರೊಕಾರ್ಟಿಸೋನ್, ಸಾಲಿನ ಕೆಳತುದಿಯ ಸೌಮ್ಯ ಔಷಧಿ. ಅದಕ್ಕೆ ಹೆದರಿ ಇದನ್ನು ಎಂಟು ತಿಂಗಳು ದಿನಕ್ಕೆರಡು ಸಲ ಬಳಿದಿದ್ದೆ, ಮುಖಕ್ಕೂ ಸೇರಿಸಿ. ಯಾವ ಯಾವ ಅಂತೆಕಂತೆಗೆ ಹೆದರಿದ್ದೆನೋ ಅವೆಲ್ಲವನ್ನೂ ನನ್ನ ಕೈಯಾರೆ ನಿಜ ಮಾಡಿಕೊಂಡೆ.

ನನ್ನದು ಅಪರೂಪದ ದುರದೃಷ್ಟ ಅಂದುಕೊಂಡಿದ್ದೆ. ಅಲ್ಲ. 1999ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ವರದಿ ಬಂದಿದೆ. ಚರ್ಮರೋಗಕ್ಕೆ ಕೊಟ್ಟ 11 ಚೀನೀ ಗಿಡಮೂಲಿಕೆ ಕ್ರೀಮುಗಳನ್ನು ಪರೀಕ್ಷಿಸಿದರೆ 8ರಲ್ಲಿ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಇತ್ತು. 2003ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಡಾಕ್ಟರುಗಳು ಇಸಬಿನ ಮಕ್ಕಳ ಮನೆಯವರು ತಂದುಕೊಟ್ಟ 24 ಕ್ರೀಮು ಪರೀಕ್ಷಿಸಿದರು. 20ರಲ್ಲಿ ಸ್ಟೀರಾಯ್ಡ್ ಸಿಕ್ಕಿತು, ಹೆಚ್ಚಿನವು ಪ್ರಬಲ ಅಥವಾ ಅತಿ ಪ್ರಬಲ, ಹಲವದರಲ್ಲಿ ಇದೇ ಕ್ಲೋಬೆಟಸಾಲ್. ನನ್ನ ಮಗಳು ಹುಟ್ಟುವ ಎಷ್ಟೋ ಮೊದಲೇ ಗೊತ್ತಿದ್ದ ಮೋಸ ಇದು.

ಆಸ್ಪತ್ರೆಯ ವರಾಂಡದಲ್ಲಿ ಕೂತು ಓದಿದ ಇನ್ನೊಂದು ಸಂಶೋಧನೆ ನನ್ನ ಯೋಚನೆಯನ್ನೇ ತಿರುಗಿಸಿತು. ಸ್ಟೀರಾಯ್ಡ್‌ಗೂ ಅದಕ್ಕೂ ಸಂಬಂಧವಿಲ್ಲ. ಗಡಸು ನೀರಿನಿಂದ ಇಸಬು ಜಾಸ್ತಿಯಾಗುತ್ತೆ, ನೀರು ಮೆದುಗೊಳಿಸುವ ಯಂತ್ರ ಹಾಕಿಸಿದರೆ ಕಡಿಮೆಯಾಗುತ್ತೆ ಅಂತ ತುಂಬಾ ಜನ ನಂಬಿದ್ದರು. ಬ್ರಿಟನ್ನಿನಲ್ಲಿ 336 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗಳಿಗೆ ಯಂತ್ರ ಹಾಕಿಸಿ 12 ವಾರ ನೋಡಿದರು. ಯಾರ ಮನೆಯಲ್ಲಿ ಯಂತ್ರ ಇದೆ ಅಂತ ಗೊತ್ತಿಲ್ಲದ ನರ್ಸ್‌ಗಳು ಇಸಬನ್ನು ಅಳೆದರು. ಫಲಿತಾಂಶ 2011ರಲ್ಲಿ ಬಂತು. ಯಂತ್ರ ಇದ್ದ ಮಕ್ಕಳಲ್ಲಿ ಇಸಬು ಶೇಕಡಾ 20ರಷ್ಟು ಇಳಿದಿತ್ತು. ಭಲೇ ಅಲ್ವಾ? ಆದರೆ ಯಂತ್ರ ಇಲ್ಲದ ಮಕ್ಕಳಲ್ಲಿ 22ರಷ್ಟು ಇಳಿದಿತ್ತು!

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಇಸಬು ಏರುತ್ತೆ, ಇಳಿಯುತ್ತೆ. ಅದರ ಸ್ವಭಾವವೇ ಅದು. ನಾವು ಹೊಸ ಔಷಧಿ ಹುಡುಕಿಕೊಂಡು ಓಡುವುದು ಯಾವಾಗ? ತೀರಾ ಏರಿದಾಗ. ಆಮೇಲೆ ಏನು ಮಾಡಿದರೂ, ಏನೂ ಮಾಡದಿದ್ದರೂ ಸ್ವಲ್ಪ ಇಳಿಯುವ ಸಂಭವ ಇದ್ದೇ ಇದೆ. ಆ ಹೊತ್ತಿಗೆ ಕೈಯಲ್ಲಿ ಯಾವ ಡಬ್ಬಿ ಇರುತ್ತದೋ ಅದಕ್ಕೆ ಹಾರ ಹಾಕುತ್ತೇವೆ. ಅದೇ ಪ್ರಯೋಗದಲ್ಲಿ ಇನ್ನೊಂದು ಮಜಾ ಇದೆ. ನರ್ಸ್‌ಗಳ ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೂ, ಯಂತ್ರ ಇದೆ ಅಂತ ಗೊತ್ತಿದ್ದ ಮನೆಯವರ ಕೆಲವು ಅಂಕಗಳಲ್ಲಿ ಚೂರು ಸುಧಾರಣೆ ಕಂಡಿತ್ತು. ಸುಳ್ಳು ಹೇಳಿದರು ಅಂತಲ್ಲ. ಆಸೆಯಿಂದ ನೋಡುವ ಕಣ್ಣು ಹಾಗೆ.

ನನಗೆ ಮುಲಾಮಿನವರು ತೋರಿಸಿದ್ದು ‘ಮೊದಲು–ನಂತರ’ ಫೋಟೋಗಳ ಆಲ್ಬಮ್. ಗುಣವಾಗದವರ ಫೋಟೋ ಅದರಲ್ಲಿ ಯಾಕಿರುತ್ತೆ? ಇನ್ನು ಮೇಲೆ ಯಾರು ಏನು ಕೊಟ್ಟರೂ ನಾನು ಕೇಳುವುದು ಒಂದೇ: ಇದನ್ನು ಹಚ್ಚದವರ ಜೊತೆ ಹೋಲಿಸಿ ನೋಡಿದ್ದೀರಾ?

ಈ ಪ್ರಶ್ನೆಗೆ ಸೋಲುವುದು ಗಿಡಮೂಲಿಕೆ ಮಾತ್ರ ಅಲ್ಲ ಬಿಡಿ. ಡಾಕ್ಟರುಗಳೇ ವರ್ಷಗಟ್ಟಲೆ ಬರೆದುಕೊಡುತ್ತಿದ್ದ, ಸ್ನಾನದ ನೀರಿಗೆ ಹಾಕುವ ಎಣ್ಣೆಯನ್ನು 483 ಮಕ್ಕಳ ಮೇಲೆ ಪರೀಕ್ಷಿಸಿದರು, 2018ರಲ್ಲಿ ಫಲಿತಾಂಶ ಬಂತು. ಹೇಳಿಕೊಳ್ಳುವಂಥ ಲಾಭ ಏನೂ ಇಲ್ಲ. ಇಸಬಿನ ಮಕ್ಕಳಿಗೆ ಅಂತ ಮಾರುವ ರೇಷ್ಮೆ ಒಳಉಡುಪೂ ಹಾಗೆಯೇ ಬಿದ್ದುಹೋಯಿತು. ಈವ್ನಿಂಗ್ ಪ್ರಿಮ್‌ರೋಸ್ ಅನ್ನುವ ಗಿಡದ ಬೀಜದ ಎಣ್ಣೆಯ ಮಾತ್ರೆಯೂ ಅಷ್ಟೆ. ನಮ್ಮ ಮನೆಯಲ್ಲಿ ಈ ಮೂರರಲ್ಲಿ ಎರಡು ಇದ್ದವು.

ಹಾಗಾದರೆ ಪರೀಕ್ಷೆಯಲ್ಲಿ ನಿಂತಿದ್ದು ಯಾವುದು? ನಾನು ಹೆದರಿ ಒಳಗಿಟ್ಟ ಟ್ಯೂಬು. ಹಚ್ಚುವ ಸ್ಟೀರಾಯ್ಡ್ ಹೇಗೆ ಬಳಸಬೇಕು ಅಂತ ಕಾಕ್ರೇನ್ ಸಂಸ್ಥೆ 2022ರಲ್ಲಿ 104 ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದೆ. ಪ್ರಬಲ ಸ್ಟೀರಾಯ್ಡನ್ನು ದಿನಕ್ಕೆ ಎರಡು ಸಲ ಹಚ್ಚುವುದೂ ಒಂದೇ, ಒಂದು ಸಲ ಹಚ್ಚುವುದೂ ಒಂದೇ. ಇಸಬು ಹತೋಟಿಗೆ ಬಂದ ಮೇಲೆ ವಾರಕ್ಕೆ ಎರಡು ದಿನ ಮಾತ್ರ ಹಚ್ಚುತ್ತಾ ಹೋದರೆ, ತಿರುಗಿ ಉಕ್ಕುವವರ ಪ್ರಮಾಣ ನೂರಕ್ಕೆ 58ರಿಂದ 25ಕ್ಕೆ ಇಳಿಯುತ್ತದೆ. ಚರ್ಮ ತೆಳುವಾಗಿದ್ದು? ಅದನ್ನು ಗಮನಿಸಿದ ಪ್ರಯೋಗಗಳಲ್ಲಿ 2266 ಜನರಲ್ಲಿ 26 ಮಂದಿಗೆ. ಆ ಪ್ರಯೋಗಗಳೆಲ್ಲ ಹೆಚ್ಚಾಗಿ ಕೆಲವೇ ವಾರಗಳವು ಅನ್ನುವುದೂ ನೆನಪಿರಲಿ. ವರ್ಷಗಟ್ಟಲೆ ಮನಸ್ಸಿಗೆ ಬಂದ ಹಾಗೆ ಬಳಿಯಲು ಅದು ಪರವಾನಗಿ ಅಲ್ಲ.

ಎಷ್ಟು ಹಚ್ಚಬೇಕು ಅನ್ನುವುದನ್ನು ಡಾಕ್ಟರ್ ನನ್ನ ಬೆರಳ ಮೇಲೇ ತೋರಿಸಿದರು. ಟ್ಯೂಬಿನಿಂದ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ತನಕ ಒಂದು ಗೆರೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳು ಸೇರಿಸಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ನನ್ನ ಕಡ್ಡಿ ತುದಿ ಎಲ್ಲಿ, ಇದೆಲ್ಲಿ!

ಮಲಗಿದ ಗ್ರಂಥಿ ಏಳುವ ತನಕ ಅಂತ ಈಗ ಸ್ಟೀರಾಯ್ಡ್ ಮಾತ್ರೆ ಕೊಟ್ಟು ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಾರೆ. ಜ್ವರ ಬಂದರೆ ಏನು ಮಾಡಬೇಕು ಅಂತ ಬರೆದ ಕಾರ್ಡು ಅವಳ ಸ್ಕೂಲ್ ಬ್ಯಾಗಿನಲ್ಲೂ ಒಂದಿದೆ. ಮುಲಾಮು ಬಿಟ್ಟ ಮೊದಲ ವಾರಗಳು ಭಯಂಕರವಾಗಿದ್ದವು, ಅದನ್ನು ಬರೆಯುವ ಮನಸ್ಸಿಲ್ಲ. ದಿನಾ ಮಾಯಿಶ್ಚರೈಸರ್ ಹಚ್ಚುತ್ತೇವೆ. ಲೋಶನ್, ಕ್ರೀಮ್, ಜೆಲ್, ಆಯಿಂಟ್‌ಮೆಂಟ್ ನಾಲ್ಕನ್ನೂ 550 ಮಕ್ಕಳಲ್ಲಿ ಹೋಲಿಸಿದ ಪ್ರಯೋಗವೂ ನಡೆದಿದೆ. ಯಾವುದೂ ಇನ್ನೊಂದಕ್ಕಿಂತ ಮೇಲಲ್ಲ. ಹಾಗಾಗಿ ಆಯ್ಕೆಯನ್ನು ಅವಳಿಗೇ ಬಿಟ್ಟೆವು. ಪಂಪ್ ಇರುವ ಬಾಟಲಿ ಆರಿಸಿದಳು, ಒತ್ತುವುದು ಆಟ ಅವಳಿಗೆ. ಬಾಗಿಲ ಚೌಕಟ್ಟಿನಲ್ಲಿ ಹೊಸ ಗೀಟು ಹಳೆಯದನ್ನು ದಾಟಿದೆ, ಉಗುರಿನಷ್ಟು.

ಔಷಧ ನಿಯಂತ್ರಣದವರಿಗೆ ದೂರು ಕೊಟ್ಟಿದ್ದೇನೆ. ಖಾಲಿ ಡಬ್ಬಿ ಎಸೆಯದೆ ಇಟ್ಟುಕೊಂಡಿದ್ದು ಅಲ್ಲಿ ಉಪಯೋಗಕ್ಕೆ ಬಂತು, ನೀವೂ ಎಸೆಯಬೇಡಿ.

ಆ ಡಬ್ಬಿ ನನಗೆ ಕೊಟ್ಟವರಿಗೆ ಹೋದ ವಾರ ಫೋನ್ ಮಾಡಿದೆ. ಮೊದಲು ನಂಬಲಿಲ್ಲ. ‘ನನ್ನ ಮಗನಿಗೆ ಏನೂ ಆಗಿಲ್ಲವಲ್ಲ’ ಅಂದರು. ‘ಅವನ ಕೆನ್ನೆ ಹೇಗಿದೆ?’ ಅಂತ ಕೇಳಿದೆ. ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಆಮೇಲೆ ‘ಇವತ್ತೇ ಕಸಕ್ಕೆ ಹಾಕ್ತೀನಿ ಕಣೇ’ ಅಂದರು.

‘ಬೇಡ ಅಕ್ಕಾ, ಹಾಕಬೇಡಿ. ಇವತ್ತೇ ಬಿಡಿಸಲೂಬೇಡಿ. ನಾಳೆ ಬೆಳಿಗ್ಗೆ ಡಾಕ್ಟರ್ ಹತ್ರ ಹೋಗಿ. ಡಬ್ಬಿ ತಗೊಂಡೇ ಹೋಗಿ’ ಅಂದೆ.