ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್: ಸಂಸ್ಥೆಯ ಲಾಂಛನಕ್ಕೆ ಅಷ್ಟು ದುಡ್ಡು ಕೊಡಬಹುದೇ?

ಹೆಸರಿನಲ್ಲಿ ಕಾಲೇಜು ಅಂತಿದ್ದರೂ ಇಲ್ಲಿ ಪಾಠ ನಡೆಯುವುದಿಲ್ಲ. 1484ರಲ್ಲಿ ಮೂರನೆಯ ರಿಚರ್ಡ್ ಕೊಟ್ಟ ಸನ್ನದಿನಿಂದ ಹುಟ್ಟಿದ ಕಚೇರಿ ಇದು. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ವಿಶ್ವವಿದ್ಯಾಲಯ, ನಗರಸಭೆ, ಶಾಲೆ, ಕಂಪನಿಗಳಿಗೆ ಗುರಾಣಿ ಲಾಂಛನ ಮಂಜೂರಾಗುವುದು ಇಲ್ಲಿಂದ. ಸರ್ಕಾರದ ಅನುದಾನವಿಲ್ಲ, ಶುಲ್ಕದಿಂದಲೇ ನಡೆಯಬೇಕು. ಹಾಗಾಗಿ ದರ ದುಬಾರಿ. ವ್ಯಕ್ತಿಗಿಂತ ಲಾಭರಹಿತ ಸಂಸ್ಥೆಗೆ ಹೆಚ್ಚು, ವ್ಯಾಪಾರಿ ಕಂಪನಿಗೆ ಅದಕ್ಕೂ ಹೆಚ್ಚು. ಯಾವುದಾದರೂ ಸಾವಿರಾರು ಪೌಂಡಿನ ಮಾತೇ.

ಕೆಲಸ ಸಾಗುವ ಬಗೆ ಸ್ಪಷ್ಟವಾಗಿದೆ. 13 ಅಧಿಕಾರಿಗಳಲ್ಲಿ ಸರದಿಯಲ್ಲಿರುವವರು ಮೊದಲ ವಿಚಾರಣೆಗೆ ಸಿಗುತ್ತಾರೆ. ಅರ್ಜಿ ಕಾಲೇಜಿನ ಮೇಲುಸ್ತುವಾರಿ ನೋಡುವ ಅರ್ಲ್ ಮಾರ್ಷಲ್, ಅಂದರೆ ನಾರ್ಫೋಕ್ ಡ್ಯೂಕ್ ಹೆಸರಿಗೆ ಹೋಗಬೇಕು. ಶುಲ್ಕ ಅರ್ಜಿಯ ಜೊತೆಗೇ. ಡ್ಯೂಕರ ವಾರಂಟ್, ಅಂದರೆ ಒಪ್ಪಿಗೆ ಪತ್ರ ಬಂದ ಮೇಲೆ ವಿನ್ಯಾಸ ಹೊಸೆದು, ಹಿಂದೆ ಬೇರೆಯವರಿಗೆ ಕೊಟ್ಟದ್ದಕ್ಕೆ ಹೋಲುತ್ತದೆಯೇ ಎಂದು ಹಳೆಯ ರಿಜಿಸ್ಟರುಗಳೊಂದಿಗೆ ತಾಳೆ ನೋಡುತ್ತಾರೆ. ಕೊನೆಗೆ ಕರುವಿನ ಚರ್ಮದ ಹಾಳೆಯ ಮೇಲೆ ಕೈಬರಹ, ಕೈಚಿತ್ರ, ಲಾಂಛನ ಮಂಜೂರು ಮಾಡುವ ಹಿರಿಯ ಅಧಿಕಾರಿಗಳಾದ ಕಿಂಗ್ಸ್ ಆಫ್ ಆರ್ಮ್ಸ್ ಸಹಿ, ಮೊಹರು.

ಆದರೆ ದುಡ್ಡು ಕೊಟ್ಟು ಪಡೆಯುವ ನಿಜವಾದ ವಸ್ತು ಆ ಚಿತ್ರವಲ್ಲ, ಲಾಂಛನವನ್ನು ಮಾತಿನಲ್ಲೇ ಬಣ್ಣಿಸುವ ಬ್ಲೇಜನ್ ಎಂಬ ವಿವರಣೆ. 1439ರಲ್ಲಿ ಲಂಡನ್ನಿನ ಬಟ್ಟೆ ವರ್ತಕರ ಡ್ರೇಪರ್ಸ್ ಕಂಪನಿಗೆ ಆಗಿನ ಕಿಂಗ್ ಆಫ್ ಆರ್ಮ್ಸ್ ವಿಲಿಯಂ ಬ್ರೂಜಸ್ ಕೊಟ್ಟ ಲಾಂಛನ ಪತ್ರ, ಇಂಗ್ಲೆಂಡಿನಲ್ಲಿ ಸಂಸ್ಥೆಗೆ ಸಿಕ್ಕಿ ಇಂದಿಗೂ ಉಳಿದಿರುವವುಗಳಲ್ಲಿ ಅತಿ ಹಳೆಯದು. ನೀಲಿ ನೆಲ, ಕಿರಣ ಸುರಿಸುವ ಮೂರು ಮೋಡ, ಒಂದೊಂದಕ್ಕೂ ಮೂರಂತಸ್ತಿನ ಚಿನ್ನದ ಕಿರೀಟ. ಇಷ್ಟು ಮಾತಿದ್ದರೆ ಸಾಕು, ಯಾವ ಕಾಲದ ಚಿತ್ರಗಾರನೂ ತನ್ನ ಶೈಲಿಯಲ್ಲಿ ಅದನ್ನೇ ಬರೆಯಬಲ್ಲ. ಮಾತು ಸಡಿಲವಾದರೆ ಚಿತ್ರವೂ ಕೆಡುತ್ತದೆ. ಮೈಸೂರು ಒಡೆಯರ ಗಂಡಭೇರುಂಡವನ್ನು ಬರೀ "ಎರಡು ತಲೆಯ ಹದ್ದು" ಎಂದು ಬರೆದುಕೊಟ್ಟರೆ ಯುರೋಪಿನ ಸಾಮ್ರಾಟರ ಹದ್ದು ಬಂದು ಕೂರುತ್ತದೆ.

ಅರ್ಜಿದಾರರು ಎಡವುವುದು ಇಲ್ಲೇ. ಕಟ್ಟಡದ ಮುಂಭಾಗ, ನಕ್ಷೆ, ಹೆಸರಿನ ಅಕ್ಷರ, ಎಲ್ಲವನ್ನೂ ಗುರಾಣಿಯೊಳಗೆ ತುರುಕಬೇಕೆನ್ನುತ್ತಾರೆ; ಅಂಚೆಚೀಟಿಯಷ್ಟು ಚಿಕ್ಕದಾದಾಗ ಏನೂ ಕಾಣದು. ಬಣ್ಣದ ನಿಯಮವೂ ಹಠಕ್ಕಲ್ಲ: ಚಿನ್ನ, ಬೆಳ್ಳಿಯನ್ನು ಒಂದರ ಮೇಲೊಂದು ಇಡಬಾರದು, ಕೆಂಪು, ನೀಲಿ, ಹಸಿರು, ಕಪ್ಪು, ನೇರಳೆಯನ್ನೂ ಹಾಗೆಯೇ. ನೀಲಿಯ ಮೇಲೆ ಕಪ್ಪು ಸಿಂಹ ಹತ್ತು ಮಾರು ದೂರದಿಂದ ಬರೀ ಕಲೆ. ಅಕ್ಕಪಕ್ಕ ಗುರಾಣಿ ಹಿಡಿದು ನಿಲ್ಲುವ ಪ್ರಾಣಿಗಳು ಕೇಳಿದವರಿಗೆಲ್ಲ ಸಿಗುವುದಿಲ್ಲ. ಅರ್ಹತೆ ಬೇಕು, ಹೆಚ್ಚುವರಿ ಶುಲ್ಕವೂ ಬೇಕು. ಧ್ಯೇಯವಾಕ್ಯವನ್ನು ಇಂಗ್ಲೆಂಡಿನಲ್ಲಿ ಆಮೇಲೆ ಬದಲಿಸಿಕೊಳ್ಳಬಹುದು, ಸ್ಕಾಟ್ಲೆಂಡಿನಲ್ಲಿ ಅದು ಮಂಜೂರಾತಿಯ ಭಾಗ.

ರಕ್ಷಣೆಯ ವಿಷಯದಲ್ಲಿ ಕಾಲೇಜು ಸೊರಗಿದೆ. ನಗರದ ಲಾಂಛನವನ್ನು ನಾಟಕಶಾಲೆಯೊಂದು ಬಳಸಿತೆಂದು ಮ್ಯಾಂಚೆಸ್ಟರ್ ನಗರಸಭೆ 1954ರಲ್ಲಿ ಲಾಂಛನದ ವ್ಯಾಜ್ಯ ಕೇಳುವ ಕೋರ್ಟ್ ಆಫ್ ಶಿವಲ್ರಿಯಲ್ಲಿ ಗೆದ್ದಿತು. ಆಮೇಲೆ ಆ ಕೋರ್ಟು ಕೂತೇ ಇಲ್ಲ. ಸ್ಕಾಟ್ಲೆಂಡಿನ ಲಾಂಛನಗಳನ್ನು ನೋಡಿಕೊಳ್ಳುವ ಎಡಿನ್‌ಬರೋದ ಲಾರ್ಡ್ ಲಯನ್ ಕೋರ್ಟಿಗೆ ಮಾತ್ರ ಇಂದಿಗೂ ಕಾನೂನಿನ ಬಲವಿದೆ. 1988ರಲ್ಲಿ ಶುರುವಾದ ಕೆನಡಾದ ಲಾಂಛನ ಪ್ರಾಧಿಕಾರ ತನ್ನ ರಿಜಿಸ್ಟರನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಪುಕ್ಕಟೆ ತೆರೆದಿಟ್ಟಿದೆ. ಲಂಡನ್ನಿನಲ್ಲಿ ಹುಡುಕಿಸಿಕೊಳ್ಳಲೂ ದುಡ್ಡು ಕೊಡಬೇಕು, ಇದು ಸರಿಯಲ್ಲ.

ಇಪ್ಪತ್ತು ವರ್ಷದಲ್ಲಿ ಹೆಸರು ಬದಲಿಸುವ, ಇನ್ನೊಂದರಲ್ಲಿ ವಿಲೀನವಾಗುವ ಸಂಸ್ಥೆಗೆ ಇದು ಬೇಡ. ಲೋಗೊ ಮಾಡಿಸಿ ಟ್ರೇಡ್‌ಮಾರ್ಕ್ ನೋಂದಾಯಿಸಿದರೆ ಸಾಕು. ಇನ್ನೂರು ವರ್ಷ ನಿಲ್ಲುವ ಅಂದಾಜಿರುವ ವಿಶ್ವವಿದ್ಯಾಲಯ ಕೊಡುವ ಶುಲ್ಕ ದಂಡವಲ್ಲ. ಅವರೂ ಟ್ರೇಡ್‌ಮಾರ್ಕ್ ಮಾಡಿಸಿಯೇ ಇಟ್ಟುಕೊಳ್ಳಲಿ.