ಗರ್ಜಿಸುವುದು ಗಂಟಲು, ಹಾಡುವುದು ಗಿಟಾರ್: ಇನ್ ಫ್ಲೇಮ್ಸ್ ತಂಡದ ‘ದಿ ಜೆಸ್ಟರ್ ರೇಸ್’ ಸಿಡಿ

ಸೆಕೆಂಡ್ ಹ್ಯಾಂಡ್ ಸಿಡಿ, ಆನ್‌ಲೈನ್‌ನಲ್ಲಿ ತರಿಸಿದ್ದು. ತೆಳು ಕವರಿನಲ್ಲಿ ಹಾಕಿ ಕಳಿಸಿದ್ದರು, ಹಾಗಾಗಿ ಡಬ್ಬಿಯ ಒಂದು ಮೂಲೆ ಒಡೆದಿತ್ತು, ಸಿಡಿ ಹಿಡಿದುಕೊಳ್ಳುವ ನಡುವಿನ ಹಲ್ಲುಗಳೂ ಮುರಿದು ಒಳಗೆ ಲಟಲಟ ಅನ್ನುತ್ತಿತ್ತು. ಬೇಜಾರಾಯ್ತು. ಆದರೆ ಡಿಸ್ಕ್ ಮೇಲೆ ಒಂದು ಗೀರೂ ಇರಲಿಲ್ಲ. ವಾಪಸ್ ಕಳಿಸುವ ಯೋಚನೆ ಬಿಟ್ಟು ಹಾಕಿ ಕೇಳಿದೆ. ಒಂದು ವಾರದಿಂದ ಬೇರೇನೂ ಕೇಳಿಲ್ಲ.

1996ರ ಆಲ್ಬಂ ಇದು. ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ಹುಡುಗರು. ಹತ್ತು ಟ್ರ್ಯಾಕ್, ಸುಮಾರು ನಲವತ್ತು ನಿಮಿಷ. ಡೆತ್ ಮೆಟಲ್ ಅಂದರೆ, ಗರ್ಜನೆಯ ದನಿಯೂ ಭಾರವಾದ ಗಿಟಾರೂ ಇರುವ ಈ ಬಗೆಯ ರಾಕ್ ಅಂದರೆ, ಬರೀ ಗಲಾಟೆ ಅಂದುಕೊಂಡವರು ಮೊದಲ ಹಾಡು ‘ಮೂನ್‌ಶೀಲ್ಡ್’ ಕೇಳಬೇಕು. ಶುರುವಿನಲ್ಲಿ ಅಕೂಸ್ಟಿಕ್ ಗಿಟಾರ್, ಮೆಲ್ಲಗೆ, ಯಾರೋ ಜಗಲಿಯಲ್ಲಿ ಕೂತು ತಮ್ಮಷ್ಟಕ್ಕೆ ನುಡಿಸಿಕೊಳ್ಳುತ್ತಿರುವ ಹಾಗೆ. ಆಮೇಲೆ ಡ್ರಮ್ ಬರುತ್ತದೆ, ಎಲೆಕ್ಟ್ರಿಕ್ ಗಿಟಾರ್ ಎರಡು ಬರುತ್ತವೆ. ತಂತಿಗಳನ್ನು ಮಾಮೂಲಿಗಿಂತ ನಾಲ್ಕು ಸ್ವರಸ್ಥಾನ ಕೆಳಗಿಳಿಸಿ ಶ್ರುತಿ ಮಾಡಿದ್ದಾರೆ, ಆದ್ದರಿಂದ ಸದ್ದು ದಪ್ಪ, ಭಾರ. ಆದರೂ ಟ್ಯೂನ್ ಎಲ್ಲೂ ಕಳೆದುಹೋಗುವುದಿಲ್ಲ.

ಯಾಕೆ ಅಂತ ಗಮನ ಕೊಟ್ಟು ಕೇಳಿದರೆ ಗೊತ್ತಾಗುತ್ತದೆ. ಒಂದು ಗಿಟಾರ್ ಟ್ಯೂನ್ ಹಿಡಿದು ನಡೆಯುತ್ತದೆ. ಇನ್ನೊಂದು ಅದೇ ದಾರಿಯಲ್ಲಿ, ಎರಡು ಮೆಟ್ಟಿಲು ಮೇಲೆ, ಜೊತೆಜೊತೆಗೇ ಬರುತ್ತದೆ. ಇದು ಸ ಅಂದರೆ ಅದು ಗ, ಇದು ರಿ ಅಂದರೆ ಅದು ಮ. ಸ್ವರಗಳು ಹೆಚ್ಚಾಗಿ ಮೈನರ್ ಸ್ಕೇಲಿನವು, ಅಂದರೆ ನಮ್ಮ ನಟಭೈರವಿಯಲ್ಲಿ ಬರುವ ಸ್ವರಗಳೇ. ಏಳನೆಯದನ್ನು ಸ್ವಲ್ಪ ಏರಿಸಿಬಿಟ್ಟರೆ ಕೀರವಾಣಿಯ ಸ್ವರಗಳು. ಗಮಕ ಇಲ್ಲ, ರಾಗ ಅಂತ ಖಂಡಿತ ಕರೆಯಲಾರೆ. ಆದರೆ ಆ ವಿಷಾದ ನಮ್ಮ ಕಿವಿಗೆ ಹೊಸದಲ್ಲ, ಅಲ್ವಾ?

ಸ್ವೀಡನ್ನಿನ ಮೆಟಲ್ ಯಾಕೆ ಇಷ್ಟು ಮೆಲೋಡಿಯಸ್ ಅಂತ ಕೇಳಿದರೆ ಸುಮ್ನೆ ‘ಅಲ್ಲಿ ಚಳಿ, ಕತ್ತಲೆ ಜಾಸ್ತಿ’ ಅಂದುಬಿಡುವವರು ಇದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಚಳಿ ಕತ್ತಲೆ ಇರುವ ಊರುಗಳು ಬೇಕಾದಷ್ಟಿವೆ. ನನಗೆ ಕಾಣುವ ಕಾರಣ ಈ ಸಿಡಿಯಲ್ಲೇ ಇದೆ. ಗಾಯಕ ಆಂಡರ್ಸ್ ಫ್ರೀಡೆನ್ ಹಾಡುವುದಿಲ್ಲ, ಗರ್ಜಿಸುತ್ತಾನೆ. ಗರ್ಜನೆಯಲ್ಲಿ ಟ್ಯೂನ್ ಹಿಡಿಯೋಕೆ ಆಗುವುದಿಲ್ಲ. ಆ ಕಾಲದ ಫ್ಲೋರಿಡಾ ಕಡೆಯ ಡೆತ್ ಮೆಟಲ್ ತಂಡಗಳು ಬಹುಮಟ್ಟಿಗೆ ಟ್ಯೂನನ್ನೇ ಬಿಟ್ಟು ಕೆಳಗಿನ ತಂತಿಯ ಏಟಿಗೆ ಹೋದವು. ಇವರು ಬಿಡಲಿಲ್ಲ, ಹಾಡುವ ಕೆಲಸವನ್ನು ಗಿಟಾರಿಗೆ ಕೊಟ್ಟರು. ಯೆಸ್ಪರ್ ಸ್ಟ್ರೋಮ್‌ಬ್ಲಾಡ್ ಮತ್ತು ಗ್ಲೆನ್ ಲ್ಯುಂಗ್‌ಸ್ಟ್ರೋಮ್ ಇಲ್ಲಿ ನುಡಿಸಿರುವುದೆಲ್ಲ ಗುನುಗಬಹುದಾದ ಸಾಲುಗಳು. ಡ್ರಮ್ ಬಾರಿಸಿದ ಬ್ಯೋರ್ನ್ ಗೆಲೊಟ್ಟೆ ಕೂಡ ಮುಂದೆ ಇದೇ ತಂಡದಲ್ಲಿ ಗಿಟಾರ್ ಹಿಡಿದ.

ಎರಡು ಗಿಟಾರ್ ಜೋಡಿಯಾಗಿ ನುಡಿಸುವುದನ್ನು ಇವರು ಇಂಗ್ಲೆಂಡಿನ ಐರನ್ ಮೇಡನ್ ತಂಡದಿಂದ ಕಲಿತರು ಅನ್ನುವುದು ನಿಜ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಮೇಡನ್ ಬಂದಾಗ ನಾನೂ ಆ ಜನಜಂಗುಳಿಯಲ್ಲಿದ್ದೆ. ಸುತ್ತಲಿನವರು ಪದಗಳನ್ನು ಬಿಟ್ಟು ಗಿಟಾರಿನ ಟ್ಯೂನನ್ನೇ ‘ಓಓ’ ಅಂತ ಹಾಡುತ್ತಿದ್ದರು, ಗಂಟಲು ಕಟ್ಟುವವರೆಗೂ ನಾನೂ ಹಾಡಿದೆ. ಆದರೆ ಮೇಡನ್ ಕೇಳಿ ಬೆಳೆದವರು ಎಲ್ಲ ದೇಶದಲ್ಲೂ ಇದ್ದರಲ್ಲ? ಸ್ವೀಡನ್ನಿನಲ್ಲಿ ಅದಕ್ಕೂ ಮುಂಚೆ ಹಳ್ಳಿಯ ಪಿಟೀಲಿನವರಿದ್ದರು. ಒಬ್ಬ ಟ್ಯೂನ್ ನುಡಿಸಿದರೆ ಪಕ್ಕದವನು ಅದಕ್ಕೆ ಎರಡನೆಯ ದನಿ ಸೇರಿಸುವುದು ಅಲ್ಲಿನ ಹಳೆಯ ರೂಢಿ. ಇನ್ ಫ್ಲೇಮ್ಸ್ 1994ರ ತಮ್ಮ ಮೊದಲ ಆಲ್ಬಂನಲ್ಲಿ ‘ಹೋರ್ಗಲೋಟೆನ್’ ಅನ್ನುವ ಜನಪದ ಟ್ಯೂನನ್ನೇ ನೇರವಾಗಿ ನುಡಿಸಿದ್ದಾರೆ. ಇನ್ನೊಂದು ಮಾತು ಹೇಳಲೇಬೇಕು. 1964ರಲ್ಲಿ ಯಾನ್ ಯೋಹಾನ್ಸನ್ ಅನ್ನುವ ಪಿಯಾನೋ ವಾದಕರು ಸ್ವೀಡಿಶ್ ಜನಪದ ಟ್ಯೂನ್‌ಗಳನ್ನು ಜಾಝ್ ಆಗಿ ನುಡಿಸಿ ಒಂದು ರೆಕಾರ್ಡ್ ತಂದರು, ಆ ದೇಶದ ಮನೆಮನೆಗೆ ಹೋದ ರೆಕಾರ್ಡ್ ಅದು. ಅವರ ಇಬ್ಬರು ಮಕ್ಕಳು, ಯೆನ್ಸ್ ಮತ್ತು ಆಂಡರ್ಸ್, ದೊಡ್ಡವರಾಗಿ ಸ್ವೀಡನ್ನಿನದೇ ಗಿಟಾರ್ ವಾದಕ ಇಂಗ್ವಿ ಮಾಲ್ಮ್‌ಸ್ಟೀನ್ ಜೊತೆ ಮೆಟಲ್ ನುಡಿಸಿದರು. ಒಂದೇ ಮನೆಯಲ್ಲಿ ಜನಪದ, ಜಾಝ್, ಮೆಟಲ್!

ಮತ್ತೆ ಶಾಲೆ. ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ. ಸ್ವೀಡನ್ನಿನಲ್ಲಿ ಹೆಚ್ಚುಕಡಿಮೆ ಪ್ರತಿ ಊರಿನ ಮುನಿಸಿಪಾಲಿಟಿಯೂ ಮಕ್ಕಳಿಗೆ ಸಂಗೀತ ಶಾಲೆ ನಡೆಸುತ್ತದೆ. ಫೀಸು ಕಡಿಮೆ, ವಾದ್ಯವನ್ನೂ ಎರವಲು ಕೊಡುತ್ತಾರೆ. ಸ್ವಲ್ಪ ದೊಡ್ಡವರಾಗಿ ನಾಲ್ಕು ಹುಡುಗರು ಬ್ಯಾಂಡ್ ಕಟ್ಟಿದರೆ, ಸರ್ಕಾರದ ಅನುದಾನ ಪಡೆಯುವ ವಯಸ್ಕರ ಶಿಕ್ಷಣ ಸಂಘಗಳು ಅದನ್ನೂ ಒಂದು ಕಲಿಕೆಯ ಗುಂಪು ಅಂತಲೇ ಲೆಕ್ಕ ಹಾಕಿ ಪ್ರಾಕ್ಟೀಸಿಗೆ ಜಾಗ ಕೊಡುತ್ತವೆ. ಅಂದರೆ ಗಿಟಾರಿನ ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಮುಟ್ಟುವ ಮೊದಲೇ ಎಷ್ಟೋ ಮಕ್ಕಳು ಕೊಳಲೋ ಪಿಟೀಲೋ ಹಿಡಿದು ಇನ್ನೊಬ್ಬರ ಜೊತೆ ಸೇರಿಸಿ ನುಡಿಸಿರುತ್ತಾರೆ. ಜಗತ್ತಿಗೆಲ್ಲ ಪಾಪ್ ಹಾಡು ಬರೆದುಕೊಟ್ಟ ಮ್ಯಾಕ್ಸ್ ಮಾರ್ಟಿನ್ ಕೂಡ ಇಂಥ ಶಾಲೆಯಲ್ಲಿ ಕಲಿತು, ಮೊದಲು ಒಂದು ಹಾರ್ಡ್ ರಾಕ್ ತಂಡದಲ್ಲಿ ಹಾಡಿದವನು.

ಸ್ವೀಡನ್ ಪೂರ್ತಿ ಒಂದೇ ಥರ ಅಂತಲ್ಲ. ಸ್ಟಾಕ್‌ಹೋಮ್‌ನ ಎಂಟೂಮ್ಡ್ ತಂಡದ ಗಿಟಾರ್ ಮರ ಕೊಯ್ಯುವ ಗರಗಸದ ಹಾಗೆ ಕೊರೆಯುತ್ತದೆ, ಅದರ ಮಜವೇ ಬೇರೆ. ಗೋಥೆನ್‌ಬರ್ಗ್‌ನಲ್ಲಿ ಮಾತ್ರ ಅಟ್ ದಿ ಗೇಟ್ಸ್, ಡಾರ್ಕ್ ಟ್ರಾಂಕ್ವಿಲಿಟಿ, ಇನ್ ಫ್ಲೇಮ್ಸ್ ಮೂವರೂ 1995-96ರ ಹೊತ್ತಿಗೆ ಒಂದೇ ಫ್ರೆಡ್‌ಮನ್ ಸ್ಟುಡಿಯೋದಲ್ಲಿ ಕೂತು ಒಬ್ಬರನ್ನೊಬ್ಬರು ಕೇಳಿಸಿಕೊಂಡು ಬೆಳೆದರು. ಇಲ್ಲಿನ ‘ಡಿಸೆಂಬರ್ ಫ್ಲವರ್’ ಹಾಡಿನ ಸೋಲೋ ನುಡಿಸಿದ್ದು ಡಾರ್ಕ್ ಟ್ರಾಂಕ್ವಿಲಿಟಿಯ ಫ್ರೆಡ್ರಿಕ್ ಯೋಹಾನ್ಸನ್. ನನಗೆ ಇಡೀ ಆಲ್ಬಂನಲ್ಲಿ ಅತಿ ಇಷ್ಟವಾದ ಜಾಗ ಅದು. ವೇಗವಾಗಿ ಓಡುತ್ತಿರುವ ಹಾಡಿನ ಮೇಲೆ ಆ ಸೋಲೋ ತೇಲಿಕೊಂಡು ಬರುತ್ತದೆ, ಒಂದು ಸ್ವರವೂ ಸುಮ್ನೆ ಹಾಕಿದ್ದು ಅನ್ನಿಸುವುದಿಲ್ಲ.

ಕೊರತೆ ಇಲ್ಲ ಅನ್ನಲಾರೆ. ಬೇಸ್ ಗಿಟಾರ್ ಎಲ್ಲೋ ಹಿಂದೆ ಹೂತುಹೋಗಿದೆ. ಡ್ರಮ್ ಸದ್ದು ಸ್ವಲ್ಪ ಒಣಕಲು. ‘ಗ್ರೇವ್‌ಲ್ಯಾಂಡ್’ ಮುಗಿದು ‘ಲಾರ್ಡ್ ಹಿಪ್ನೋಸ್’ ಯಾವಾಗ ಶುರುವಾಯ್ತು ಅಂತ ಮೊದಮೊದಲು ನನಗೆ ತಿಳಿಯಲೇ ಇಲ್ಲ, ಅಷ್ಟು ಹತ್ತಿರದ ಹಾಡುಗಳು. ಗರ್ಜನೆಯ ದನಿ ಸೇರದವರು ಪದಗಳೇ ಇಲ್ಲದ ‘ದಿ ಜೆಸ್ಟರ್ಸ್ ಡ್ಯಾನ್ಸ್’ನಿಂದ ಶುರುಮಾಡಿ. ಎರಡೇ ನಿಮಿಷ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ತಗೊಳ್ಳುವುದಾದರೆ ಹಿಂಬದಿಯಲ್ಲಿ ಹದಿನಾಲ್ಕು ಟ್ರ್ಯಾಕ್ ಇದೆಯಾ ನೋಡಿಕೊಳ್ಳಿ. ಆ ಮರುಮುದ್ರಣದಲ್ಲಿ 1997ರಲ್ಲಿ ಇದೇ ತಂಡ ತಂದ ಇಪಿಯ (ಕೆಲವೇ ಹಾಡುಗಳ ಚಿಕ್ಕ ರೆಕಾರ್ಡ್) ನಾಲ್ಕು ಹಾಡುಗಳೂ ಸೇರಿವೆ, ಅದರಲ್ಲಿ ಒಂದು ‘ಅಕೂಸ್ಟಿಕ್ ಮೆಡ್ಲಿ’. ಗರ್ಜನೆ ಇಲ್ಲ, ಡಿಸ್ಟಾರ್ಷನ್ ಇಲ್ಲ, ತಂತಿ ಮತ್ತು ಟ್ಯೂನ್ ಅಷ್ಟೇ. ಆಮೇಲೆ ಇನ್ನೊಮ್ಮೆ ‘ಮೂನ್‌ಶೀಲ್ಡ್’ ಹಾಕಿ ಕೇಳಿ. ಒಡೆದ ಡಬ್ಬಿಗೆ ಬದಲಾಗಿ ನಾನು ಹಳೆಯ ಸಿಡಿಯೊಂದರ ಖಾಲಿ ಡಬ್ಬಿ ಹಾಕಿಕೊಂಡಿದ್ದೇನೆ, ಸರಿಯಾಗಿ ಕೂತಿದೆ.