ಟಿಕ್ ಟಿಕ್ ಶಬ್ದಕ್ಕೆ 24,600 ರೂಪಾಯಿ: ಹಳೆಯ ಮಾರುತಿ ಇಟ್ಟುಕೊಂಡವರು ದಯವಿಟ್ಟು ಓದಿ

ಹಾಸನ, ಆಲೂರು, ಬೇಲೂರು ಕಡೆ ಹಳೆಯ ಮಾರುತಿ 800 ಇಟ್ಟುಕೊಂಡಿರುವವರು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಳೆದ ತಿಂಗಳು ನಾನು 24,600 ರೂಪಾಯಿ ಕಳೆದುಕೊಂಡೆ. ಹಣ ಹೋದದ್ದಕ್ಕಿಂತ, ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟ ನಾನು ಕೈಗೆ ಕೊಟ್ಟ ವಸ್ತುವನ್ನು ಎಣಿಸದೆ ಮನೆಗೆ ತಂದೆನಲ್ಲ ಎಂಬ ಸಂಕಟ ಈಗಲೂ ಆರಿಲ್ಲ.

ನನ್ನದು 2004ರ ಗಾಡಿ. ಚಳಿ ಶುರುವಾದಾಗಿನಿಂದ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನೊಳಗಿಂದ ಹೊಲಿಗೆ ಯಂತ್ರ ಓಡಿದಂತೆ ಟಿಕ್ ಟಿಕ್ ಶಬ್ದ ಬರುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಶಬ್ದವೂ ಬಿರುಸಾಗುತ್ತಿತ್ತು. ಆದರೆ ಮನೆಯಿಂದ ಹೊರಟು ಡೈರಿ ಸರ್ಕಲ್ ಮುಟ್ಟುವಷ್ಟರಲ್ಲಿ ಇಂಜಿನ್ ಬಿಸಿಯಾಗಿ, ಶಬ್ದ ತಾನಾಗಿ ನಿಂತುಬಿಡುತ್ತಿತ್ತು. ಗ್ಯಾರೇಜಿನವರಿಗೆ ನಾನು ಮೊದಲು ಹೇಳಿದ್ದೇ ಈ ಮಾತನ್ನು.

ಗ್ಯಾರೇಜಿನವರು ಸ್ಟಾರ್ಟ್ ಮಾಡಿಸಿ, ಎರಡು ನಿಮಿಷವೂ ಕೇಳದೆ, "ಬೇರಿಂಗ್ ಹೋಗಿದೆ ಸಾರ್, ಟ್ಯಾಪೆಟ್ಟೂ ಲೂಸ್ ಆಗಿದೆ, ಹಿಂಗೇ ಓಡಿಸಿದ್ರೆ ಶಿರಾಡಿ ಘಾಟಿನಲ್ಲಿ ಇಂಜಿನ್ ಸೀಜ್ ಆಗುತ್ತೆ" ಎಂದರು. (ಬೇರಿಂಗ್ ಅಂದರೆ ಇಂಜಿನ್ ಒಳಗೆ ತಿರುಗುವ ದಂಡಕ್ಕೆ ಸವೆಯದಂತೆ ಕೂರಿಸುವ ಲೋಹದ ಚಿಪ್ಪು, ಟ್ಯಾಪೆಟ್ ಅಂದರೆ ಮೇಲ್ಭಾಗದಲ್ಲಿ ಕವಾಟ ತೆರೆಯುವ ಭಾಗ, ಸೀಜ್ ಅಂದರೆ ಇಂಜಿನ್ ಸಿಕ್ಕಿಕೊಂಡು ನಿಲ್ಲುವುದು.) ಸಕಲೇಶಪುರದಾಚೆ ಮಗಳ ಮನೆಗೆ ಹೋಗಿ ಬರುವ ನನಗೆ ಆ ಒಂದು ಮಾತು ಸಾಕಾಯಿತು. ಹತ್ತು ಸಾವಿರ ಮುಂಗಡ ಕೊಟ್ಟು ಬಂದೆ. ಒಂಬತ್ತು ದಿನ ಗಾಡಿ ಅಲ್ಲೇ ಇತ್ತು. ಫೋನ್ ಮಾಡಿದಾಗಲೆಲ್ಲ "ನಾಳೆ ಸಾರ್" ಎಂಬ ಉತ್ತರ.

ಗಾಡಿ ತರಲು ಹೋದಾಗ ಇಂಜಿನ್ ಆಗಲೇ ಓಡುತ್ತಿತ್ತು. "ಕೇಳಿ ಸಾರ್, ಶಬ್ದ ಎಲ್ಲಿದೆ?" ಎಂದರು. ನಿಜ, ಶಬ್ದ ಇರಲಿಲ್ಲ. ಬಿಸಿಯಾದ ಇಂಜಿನ್‌ನಲ್ಲಿ ಆ ಶಬ್ದ ಮೊದಲೂ ಇರಲಿಲ್ಲ! ಅದನ್ನು ಅವರಿಗೆ ಹೇಳಿದವನೇ ನಾನು. ಆ ಕ್ಷಣದಲ್ಲಿ ಮಾತ್ರ ಅದು ನನ್ನ ತಲೆಗೆ ಹೊಳೆಯಲಿಲ್ಲ. ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿದೆ. ಮೊದಲು "ಗುಜರಿಗೆ ಹಾಕಿಬಿಟ್ಟೆ" ಎಂದವರು, ನಾನು ಮತ್ತೆ ಕೇಳಿದ ಮೇಲೆ ಒಳಗೆ ಹೋಗಿ, ಪೇಪರಿನಲ್ಲಿ ಸುತ್ತಿದ ಬೇರಿಂಗ್ ಚಿಪ್ಪುಗಳನ್ನು ತಂದು ಕೈಗಿಟ್ಟರು. ಬಿಲ್ ಎಂದು ಕೊಟ್ಟದ್ದು ಜಿಎಸ್‌ಟಿ ಸಂಖ್ಯೆಯೂ ಮೊಹರೂ ಇಲ್ಲದ ಬಿಳಿ ಹಾಳೆ. ಅದರಲ್ಲಿ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕೆಳಗೆ ತಿರುಗುವ ದಂಡಕ್ಕೆ ಜೋಡಿಸುವ ಸರಳು) ಬೇರಿಂಗ್ ಒಂದು ಸೆಟ್, ಟ್ಯಾಪೆಟ್ ಕೆಲಸ, ಆಯಿಲ್, ಕೂಲಿ ಎಂದು ಬರೆದಿತ್ತು.

ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ಟಿಕ್ ಟಿಕ್ ಟಿಕ್. ಅದೇ ಶಬ್ದ, ಅದೇ ಜಾಗದಿಂದ.

ಫೋನ್ ಮಾಡಿದೆ. "ಹೊಸ ಪಾರ್ಟು ಸಾರ್, ಸೆಟ್ ಆಗ್ಬೇಕಲ್ವಾ, ಐನೂರು ಕಿಲೋಮೀಟರ್ ಓಡ್ಸಿ" ಎಂದರು. ಓಡಿಸಿದೆ. ಮತ್ತೆ ಫೋನ್ ಮಾಡಿದರೆ, "ಹಳೇ ಗಾಡಿ ಸಾರ್, ಅಷ್ಟು ಶಬ್ದ ಇದ್ದೇ ಇರುತ್ತೆ" ಎಂದರು. ಹಾಗಿದ್ದರೆ ಇಪ್ಪತ್ನಾಲ್ಕು ಸಾವಿರ ಯಾವುದಕ್ಕೆ ತೆಗೆದುಕೊಂಡಿರಿ ಎಂದು ಕೇಳಿದೆ. ಫೋನ್ ಕಟ್ ಆಯಿತು.

ಕೊನೆಗೆ ಬೇಲೂರು ರಸ್ತೆಯ ಕಡೆ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ. ಅವರು "ಗಾಡಿ ಇಲ್ಲೇ ಬಿಡಿ ಮೇಷ್ಟ್ರೇ, ಬೆಳಿಗ್ಗೆ ತಣ್ಣಗಿರುವಾಗ ನಾನೇ ಸ್ಟಾರ್ಟ್ ಮಾಡ್ತೀನಿ" ಎಂದರು. ಬೆಳಿಗ್ಗೆ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ತುದಿಯನ್ನು ಇಂಜಿನ್ನಿನ ಒಂದೊಂದು ಕಡೆ ಇಡುತ್ತ ಬಂದರು. ಆಮೇಲೆ ಟಾರ್ಚ್ ಹಿಡಿದು ನನ್ನನ್ನು ಕರೆದರು. ಹೊಗೆಯನ್ನು ಹೊರಗೆ ಒಯ್ಯುವ ಕೊಳವೆಯಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೆ ಕೂರುವ ಜಾಗದಲ್ಲಿ, ದೀಪದ ಕುಡಿ ತಾಗಿದ ಗೋಡೆಯಂತೆ ಹೆಬ್ಬೆರಳಗಲ ಕಪ್ಪು ಮಸಿ ಹಿಡಿದಿತ್ತು. ಒಂದು ನಟ್ಟು ಸಡಿಲವಾಗಿ, ಸಂದು ಮುಚ್ಚಲು ಮಧ್ಯೆ ಹಾಕಿರುವ ಗ್ಯಾಸ್ಕೆಟ್ ಸುಟ್ಟು ಸೀಳಿತ್ತು. ಆ ಸೀಳಿನಿಂದ ಹೊಗೆ ತಡೆತಡೆದು ಚಿಮ್ಮುವುದೇ ಟಿಕ್ ಟಿಕ್ ಎಂದು ಕೇಳಿಸುತ್ತದೆ. ಲೋಹ ಬಿಸಿಯಾಗಿ ಹಿಗ್ಗಿದರೆ ಸಂದು ಮುಚ್ಚಿಕೊಂಡು ಶಬ್ದ ನಿಲ್ಲುತ್ತದೆ. ಬೇರಿಂಗ್ ಹೋಗಿದ್ದರೆ ಕೆಳಗಿನಿಂದ ಟಕ್ ಟಕ್ ಎಂಬ ಭಾರದ ಹೊಡೆತ ಕೇಳಿಸುತ್ತದೆ, ಅದು ಏರಿನಲ್ಲಿ ಜೋರಾಗುತ್ತದೆ, ಬಿಸಿಯಾಗಿ ಆಯಿಲ್ ತೆಳುವಾದರೆ ಇನ್ನೂ ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ ಎಂದು ಅವರು ವಿವರಿಸಿದರು. ಗ್ಯಾಸ್ಕೆಟ್, ನಟ್ಟು, ಕೂಲಿ ಎಲ್ಲ ಸೇರಿ 1,150 ರೂಪಾಯಿ ಆಯಿತು. ಶಬ್ದ ಮತ್ತೆ ಬಂದಿಲ್ಲ.

ನಾನು ಆ ಪೇಪರಿನ ಪೊಟ್ಟಣ ಬಿಚ್ಚಿ ತೋರಿಸಿದೆ. ಅವರು ಚಿಪ್ಪುಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟು, "ಎಣಿಸಿ ಮೇಷ್ಟ್ರೇ" ಎಂದರು. ಎಂಟು ಇದ್ದವು. "ನಿಮ್ಮ ಇಂಜಿನ್‌ಗೆ ಎಷ್ಟು ಸಿಲಿಂಡರ್?" ಎಂದು ಕೇಳಿದರು. ಮೂರು. ಸಿಲಿಂಡರಿಗೊಂದು ಕನೆಕ್ಟಿಂಗ್ ರಾಡ್, ಒಂದು ರಾಡಿಗೆ ಎರಡು ಅರ್ಧ ಚಿಪ್ಪು, ಮೂರಕ್ಕೆ ಆರು. ಎಂಟು ಚಿಪ್ಪು ಬರಬೇಕಾದರೆ ನಾಲ್ಕು ಸಿಲಿಂಡರಿನ ಬೇರೆ ಯಾವುದೋ ಗಾಡಿಯದ್ದಾಗಿರಬೇಕು. ತಿರುಗುವ ದಂಡವನ್ನೇ ಹೊರುವ ಮೈನ್ ಬೇರಿಂಗ್ ಆಗಿದ್ದರೆ ನಮ್ಮ ಗಾಡಿಗೂ ಎಂಟು ಬರುತ್ತದೆ, ಆದರೆ ಅದರ ಮೇಲಿನ ಚಿಪ್ಪಿನಲ್ಲಿ ಆಯಿಲ್ ಹರಿಯಲು ಕಾಲುವೆಯಂತೆ ಗೀರು ಇರುತ್ತದೆ, ಇವುಗಳಲ್ಲಿ ಒಂದಕ್ಕೂ ಇಲ್ಲ ಎಂದು ಅದನ್ನೂ ತೋರಿಸಿದರು. ಬಗ್ಗಿ ಕೆಳಗೆ ನೋಡಿದರೆ, ಬೇರಿಂಗ್ ಬದಲಾಯಿಸಲು ಬಿಚ್ಚಲೇಬೇಕಾದ ಆಯಿಲ್ ಸಂಪಿನ (ಇಂಜಿನ್ ಅಡಿಯ ಆಯಿಲ್ ತೊಟ್ಟಿಯ) ಬೋಲ್ಟುಗಳ ಮೇಲೆ ವರ್ಷಗಟ್ಟಲೆಯ ಜಿಡ್ಡು ಮಣ್ಣು ಹೆಪ್ಪುಗಟ್ಟಿ ಹಾಗೇ ಇತ್ತು, ಸ್ಪ್ಯಾನರ್ ತಾಗಿದ ಗುರುತೇ ಇರಲಿಲ್ಲ. ಟ್ಯಾಪೆಟ್ ಮೇಲಿನ ಮುಚ್ಚಳದ ಬೋಲ್ಟುಗಳೂ ಹಾಗೆಯೇ ಇದ್ದವು. ಒಂಬತ್ತು ದಿನ ಇಟ್ಟುಕೊಂಡು ಆ ಗ್ಯಾರೇಜಿನವರು ಆಯಿಲ್ ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಆರು ಮತ್ತು ಎಂಟರ ಲೆಕ್ಕ! ನಾಲ್ಕನೇ ತರಗತಿಯ ಮಕ್ಕಳಿಗೆ ಕೇಳುವಂಥ ಲೆಕ್ಕ ಅದು.

ಮೊದಲಿನ ಗ್ಯಾರೇಜಿಗೆ ನಾನೇ ಹೋಗಿ ಚಿಪ್ಪುಗಳನ್ನು ಮೇಜಿನ ಮೇಲೆ ಇಟ್ಟು ಕೇಳಿದೆ. "ಹುಡುಗರು ಬೇರೆ ಗಾಡೀದು ಕೊಟ್ಟಿರ್ಬೇಕು" ಎಂದರು. ಬೋಲ್ಟುಗಳ ಜಿಡ್ಡಿನ ಬಗ್ಗೆ ಕೇಳಿದಾಗ, "ನೀವೇನ್ ಮೆಕ್ಯಾನಿಕ್ಕಾ ಸಾರ್?" ಎಂದು ಎಲ್ಲರೆದುರು ಕೇಳಿದರು. ಬಿಲ್ ತೋರಿಸಿದರೆ, "ಅದ್ರಲ್ಲಿ ನಮ್ ಹೆಸ್ರು ಎಲ್ಲಿದೆ?" ಎಂದರು.

ಆದ್ದರಿಂದ ಹೇಳುತ್ತಿದ್ದೇನೆ. ತಣ್ಣಗಿರುವಾಗ ಬರುವ ಶಬ್ದವನ್ನು ತಣ್ಣಗಿರುವಾಗಲೇ ಕೇಳಿಸಿ, ಗಾಡಿ ವಾಪಸು ತರುವಾಗಲೂ ತಣ್ಣಗಿನ ಇಂಜಿನ್ನನ್ನು ನಿಮ್ಮ ಕೈಯಲ್ಲೇ ಸ್ಟಾರ್ಟ್ ಮಾಡಿ. ಬಿಚ್ಚುವಾಗ ಎದುರಿಗೆ ನಿಲ್ಲಿ, ಮುಜುಗರ ಪಡಬೇಡಿ. ಜಿಎಸ್‌ಟಿ ಬಿಲ್ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು ಯುಪಿಐ ಮೂಲಕ ಹಣ ಕೊಟ್ಟಿದ್ದರಿಂದ ಅದರ ದಾಖಲೆಯಾದರೂ ಉಳಿದಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿ ಇದೆ, ಐದು ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ಎಂಟು ಚಿಪ್ಪುಗಳನ್ನೂ ಆ ಬಿಳಿ ಹಾಳೆಯನ್ನೂ ಬೋಲ್ಟುಗಳ ಫೋಟೊಗಳನ್ನೂ ಒಂದೇ ಚೀಲದಲ್ಲಿ ಹಾಕಿಟ್ಟಿದ್ದೇನೆ. ಸೋಮವಾರ ದೂರು ಕೊಡಲು ಹೋಗುತ್ತಿದ್ದೇನೆ.